ಕ್ಲೋರ್‌ಪೈರಿಫಾಸ್‌ ಪೂರ್ತಿ ನಿಷೇಧವಾಗಬೇಕೇ?

ಪರ

ಡಬ್ಬಿಯ ಮೇಲಿರುವುದು ಹಳದಿ ತ್ರಿಕೋನ, ಅತಿ ವಿಷದ ಕೆಂಪಲ್ಲ ಎಂಬ ಧೈರ್ಯದಲ್ಲಿ ಕ್ಲೋರ್‌ಪೈರಿಫಾಸ್‌ ಕೀಟನಾಶಕವನ್ನು ಬರಿಗೈಯಲ್ಲೇ ಕಲಸುವವರಿದ್ದಾರೆ. ಹುಸಿ ಧೈರ್ಯ. ಡಬ್ಬಿಯಲ್ಲಿರುವಾಗ ಅದರ ರಂಜಕದ ಪರಮಾಣುವಿಗೆ ಗಂಧಕ ಅಂಟಿರುತ್ತದೆ. ದೇಹದೊಳಗೆ ಯಕೃತ್ತು ಗಂಧಕ ತೆಗೆದು ಆಮ್ಲಜನಕ ಕೂರಿಸುತ್ತದೆ. ಹಾಗೆ ಹುಟ್ಟುವ ಆಕ್ಸಾನ್‌ ನಿಜವಾದ ವಿಷ. ನರದ ಸಂದೇಶ ಮುಗಿದೊಡನೆ, ಆ ಸಂದೇಶ ಒಯ್ದ ಅಸಿಟೈಲ್‌ಕೋಲಿನ್ನನ್ನು ಒಡೆಯಬೇಕಾದ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಜೊಲ್ಲು, ಬೆವರು, ವಾಂತಿ, ಚುಕ್ಕಿಯಷ್ಟಾದ ಕಣ್ಣಪಾಪೆ, ಎದೆಯಲ್ಲಿ ಗೊರಗೊರ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕೊಬ್ಬಿನಲ್ಲಿ ಕರಗಿ ಉಳಿಯುವುದರಿಂದ, ಮೊದಲ ದಿನ ಸುಧಾರಿಸಿದಂತೆ ಕಂಡವರೂ ಮತ್ತೆ ಹದಗೆಡಬಹುದು.

ದೊಡ್ಡ ಆಕ್ಷೇಪ ಮಕ್ಕಳ ವಿಷಯದ್ದು. ಆಕ್ಸಾನನ್ನು ಮುರಿಯುವ ಪ್ಯಾರಾಕ್ಸೊನೇಸ್‌ ಕಿಣ್ವ ಶಿಶುಗಳ ರಕ್ತದಲ್ಲಿ ದೊಡ್ಡವರಿಗಿಂತ ಬಹಳ ಕಡಿಮೆ. ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಿತಿಯನ್ನೇ ಗೊತ್ತುಮಾಡಲಾಗದು ಎಂದು 2019ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಡಿಎನ್‌ಎ ಹಾನಿಯ ಶಂಕೆ ಮತ್ತು ಬೆಳೆಯುವ ಮಿದುಳಿನ ಮೇಲಿನ ಪರಿಣಾಮ ಅದಕ್ಕೆ ಕಾರಣ. 2020ರಲ್ಲಿ ಅಲ್ಲಿ ಅನುಮತಿ ನವೀಕರಣವಾಗಲಿಲ್ಲ. ಅದೇ ವರ್ಷ ಭಾರತ ಸರ್ಕಾರ ಹೊರಡಿಸಿದ 27 ಕೀಟನಾಶಕಗಳ ಕರಡು ನಿಷೇಧದಲ್ಲೂ ಇದರ ಹೆಸರಿತ್ತು. 2025ರಲ್ಲಿ, ಬೇಗ ನಶಿಸದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್‌ ಒಪ್ಪಂದದ ನಿರ್ಮೂಲನ ಪಟ್ಟಿಗೂ ಸೇರಿತು.

ಕೈಗವಸು ಹಾಕಿದರಾಯಿತಲ್ಲ ಎನ್ನುವವರು ಏಪ್ರಿಲ್‌ ಬಿಸಿಲಲ್ಲಿ ರಬ್ಬರ್‌ ಕೈಗವಸು, ಮಾಸ್ಕ್‌ ಹಾಕಿ 16 ಲೀಟರಿನ ಪಂಪು ಹೊತ್ತು ನೋಡಲಿ. ಹತ್ತಿ ಅಂಗಿ ದ್ರಾವಣ ಹೀರಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಪಂಪು ತೊಳೆದ ನೀರು ಹಳ್ಳ ಸೇರಿದರಂತೂ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನು ಸಾಯುತ್ತವೆ.

ವಿರೋಧ

ವಿಷ ಎಂಬುದರಲ್ಲಿ ತಕರಾರಿಲ್ಲ. ತರಕಾರಿ, ಹಣ್ಣಿನ ಮೇಲೆ ನಿಲ್ಲಿಸಿ, ಒಪ್ಪಿದೆವು. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ದುಂಬಿಯ ಲೆಕ್ಕ ಬೇರೆ. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯೊಡೆದು ಮರಿಹುಳು ಕಟ್ಟಿಗೆಯೊಳಗೆ ಹೊಕ್ಕರೆ ಔಷಧಿ ಅದನ್ನು ಮುಟ್ಟುವುದಿಲ್ಲ, ಗಿಡ ಕಿತ್ತು ಸುಡುವುದೇ ದಾರಿ. ಆದ್ದರಿಂದ ದುಂಬಿ ಹಾರುವ ಏಪ್ರಿಲ್‌–ಮೇ ಮತ್ತು ಅಕ್ಟೋಬರ್‌ ನಂತರದ ದಿನಗಳಲ್ಲಿ, 200 ಲೀಟರ್‌ ನೀರಿಗೆ 20 ಇ.ಸಿ. (ನೀರಲ್ಲಿ ಬೆರೆಯುವ ಶೇ. 20ರ ದ್ರವ) ಔಷಧಿ 600 ಮಿ.ಲೀ., ಅಂಟುದ್ರಾವಣ 200 ಮಿ.ಲೀ. ಬೆರೆಸಿ ಮುಖ್ಯಕಾಂಡಕ್ಕೆ, ದಪ್ಪ ಕೊಂಬೆಗಳಿಗೆ ಮಾತ್ರ ಹೊಡೆಯುತ್ತಾರೆ. ಎಲೆಗೂ ಹಣ್ಣಿಗೂ ಅಲ್ಲ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣದ ಜೊತೆ ಬೆರೆಸಿದರೆ ಸುಣ್ಣದ ಕ್ಷಾರದಲ್ಲಿ ಔಷಧಿ ಒಡೆದು ಹುಳು ಉಳಿಯುತ್ತದೆ. ಆಮೇಲೆ ಪ್ರಮಾಣ ಇಮ್ಮಡಿ ಮಾಡುವವರ ತಪ್ಪನ್ನು ರಾಸಾಯನಿಕದ ಲೆಕ್ಕಕ್ಕೆ ಹಾಕಬೇಡಿ.

ಮನೆಯ ಅಡಿಪಾಯದ ಗೆದ್ದಲಿಗೆ 1 ಪಾಲು ಔಷಧಿ, 19 ಪಾಲು ನೀರು, ಚದರ ಮೀಟರಿಗೆ 5 ಲೀಟರ್‌. ನೀರಿನಲ್ಲಿ ಇದು ಕರಗುವುದು ಲೀಟರಿಗೆ ಸುಮಾರು 1.4 ಮಿಲಿಗ್ರಾಂ, ಉಳಿದದ್ದು ಮಣ್ಣನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆದರೂ ಬಾವಿಯ ಪಕ್ಕ ಬೇಡ.

ತೆಗೆದ ಜಾಗಕ್ಕೆ ಏನು ಬರುತ್ತದೆ? ಇಮಿಡಾಕ್ಲೊಪ್ರಿಡ್‌, ಫಿಪ್ರೊನಿಲ್‌ ಜೇನಿಗೆ ಸಾಧುವೇನಲ್ಲ. ಶ್ರೀಲಂಕಾದ ಆಸ್ಪತ್ರೆಗಳ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು: ಕ್ಲೋರ್‌ಪೈರಿಫಾಸ್‌ ಕುಡಿದವರಲ್ಲಿ ಸತ್ತವರು ಶೇ. 8, ಇನ್ನೊಂದು ಕೀಟನಾಶಕ ಡೈಮಿಥೊಯೇಟ್‌ ಕುಡಿದವರಲ್ಲಿ ಶೇ. 23. ನಿಷೇಧಕ್ಕೂ ಸರದಿಯಿರಲಿ, ಹೆಚ್ಚು ಕೊಲ್ಲುವುದು ಮೊದಲು ಹೋಗಲಿ. ಸ್ಟಾಕ್‌ಹೋಮ್‌ ಪಟ್ಟಿ ಕೂಡ ಕೆಲವು ನಿರ್ದಿಷ್ಟ ಬಳಕೆಗಳಿಗೆ ವಿನಾಯಿತಿ ಇಟ್ಟೇ ಬಂದಿದೆ. ಬಳಕೆ ಇರುವವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವಿಷಕ್ಕೆ ಮದ್ದಾದ ಅಟ್ರೊಪಿನ್‌ ಸಾಕಷ್ಟು ಇರಬೇಕು. ಪಾಪೆ ಅಗಲವಾಗಲೆಂದು ಕಾಯದೆ, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಸಿ ಕೊಡುವ ವೈದ್ಯರೂ ಇರಬೇಕು.