ಮಣಿದವರೆಲ್ಲ ಒಪ್ಪಿದವರಲ್ಲ

ಕಳೆದ ವಾರ ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಿಂದ, ಎಂದರೆ ಕೂಲಿಕಾರರಿಗೆ ಮಾಲೀಕ ಕೊಟ್ಟ ಸಾಲುಮನೆಯಿಂದ, ಒಬ್ಬ ಹೆಣ್ಣುಮಗಳು ಚಿಕ್ಕಮಗಳೂರಿನ ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಹಾಲಿನ ಕವರಿನೊಳಗೆ ನಾಲ್ಕಾಗಿ ಮಡಚಿದ ಹಾಳೆ. 'ಕೂಲಿ ಬಾಕಿಯೆಲ್ಲ ಸಂದಾಯವಾಗಿದೆ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ' ಎಂಬ ಒಕ್ಕಣೆ. ಕೆಳಗೆ ಹೆಬ್ಬೆಟ್ಟಿನ ನೀಲಿ ಗುರುತು. ಹಣ ಬಂದಿಲ್ಲ. ಮತ್ತೇಕೆ ಒತ್ತಿದಿರಿ ಎಂದೆ. "ಒತ್ತದಿದ್ದರೆ ಮನೆ ಖಾಲಿ ಮಾಡಬೇಕಿತ್ತು. ಆ ಮಳೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?" ಎಂದರು.

ಆ ರಾತ್ರಿ ಕಾನೂನು ವಿದ್ವಾಂಸ ಉಪೇಂದ್ರ ಬಕ್ಷಿಯವರ ಬರಹಗಳನ್ನು ಮತ್ತೆ ತೆಗೆದೆ.

ಮಥುರಾ ಪ್ರಕರಣ ನಿಮಗೆ ನೆನಪಿರಬಹುದು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ತನ್ನ ಮೇಲೆ ಅತ್ಯಾಚಾರವಾಯಿತೆಂದು ಮಥುರಾ ಎಂಬ ಆದಿವಾಸಿ ಹುಡುಗಿ ದೂರಿದಳು. ಹೈಕೋರ್ಟ್ ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ, ಹಾಗಾದರೆ ಒಪ್ಪಿಗೆಯಿತ್ತು ಎಂಬ ತರ್ಕ. ಮರುವರ್ಷ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್, ಈ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೇ ಬಹಿರಂಗ ಪತ್ರ ಬರೆದರು. ಒಪ್ಪಿದವರು ಮಣಿಯುತ್ತಾರೆ, ಮಣಿದವರೆಲ್ಲ ಒಪ್ಪಿದವರಲ್ಲ ಎಂಬುದು ಅದರ ತಿರುಳು. ದೇಶದ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು: ಪೊಲೀಸ್ ವಶದಲ್ಲಿ ಅತ್ಯಾಚಾರವಾದಾಗ, ಒಪ್ಪಿಗೆಯಿರಲಿಲ್ಲ ಎಂದು ಹೆಣ್ಣು ಹೇಳಿದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕು.

ರಾಜಕೋಟ್‌ನಲ್ಲಿ ಹುಟ್ಟಿದ ಬಕ್ಷಿ ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾದರು, ಇಂಗ್ಲೆಂಡಿನ ವಾರಿಕ್‌ನಲ್ಲಿ ಪಾಠ ಮಾಡಿದರು, 2011ರಲ್ಲಿ ಪದ್ಮಶ್ರೀ ಬಂತು. ನನಗೆ ಇವೆಲ್ಲಕ್ಕಿಂತ ದೊಡ್ಡದು 1981ರ ಆಗ್ರಾ ಮಹಿಳಾ ರಕ್ಷಣಾಗೃಹದ ಪತ್ರ. ಅಲ್ಲಿನ ಹೆಂಗಸರ ದುಃಸ್ಥಿತಿಯನ್ನು ಅವರೂ ಲೋತಿಕಾ ಸರ್ಕಾರ್ ಅವರೂ ಬರೆದು ಕಳಿಸಿದರು. ಸುಪ್ರೀಂ ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯೆಂದು, ಎಂದರೆ ಹಕ್ಕಿನ ರಕ್ಷಣೆಗೆ ನೇರವಾಗಿ ಸಲ್ಲಿಸಿದ ಅರ್ಜಿಯೆಂದು, ಸ್ವೀಕರಿಸಿತು. ನಾವು 'ಸಾರ್ವಜನಿಕ ಹಿತಾಸಕ್ತಿ' ಎನ್ನುವುದನ್ನು ಅವರು 'ಸಾಮಾಜಿಕ ಕ್ರಿಯೆ'ಯ ಮೊಕದ್ದಮೆ ಎಂದೇ ಕರೆದರು. ಹಿತಾಸಕ್ತಿ ಎಂಬ ಅಮೆರಿಕದ ಮಾತಿನಲ್ಲಿ ಇಲ್ಲಿನವರ ಸಂಕಟ ಹಿಡಿಸುವುದಿಲ್ಲ ಎಂಬುದು ಅವರ ಹಟ. ಆ ಹಟ ಸರಿಯೆಂದೇ ನಾನು ನಂಬಿದ್ದೇನೆ.

ಅತ್ಯಾಚಾರವೂ ಕೂಲಿ ಬಾಕಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಇರುವ ಸೂರೂ ಮಾಲೀಕನದೇ ಆದಾಗ 'ಸ್ವಇಚ್ಛೆ' ಎಂಬ ಪದವನ್ನು ಯಾವ ವಕೀಲನೂ ಕಣ್ಣುಮುಚ್ಚಿ ಟೈಪ್ ಮಾಡಿಸಬಾರದು.

ಸೋಮವಾರ ಅರ್ಜಿ ಹಾಕುತ್ತೇನೆ. ಸಾಮಾನ್ಯವಾಗಿ ಇಂಥವುಗಳಲ್ಲಿ ಬರೆಯದ ಒಂದು ಸಾಲನ್ನು ಈ ಬಾರಿ ಸೇರಿಸಿದ್ದೇನೆ: ಹೆಬ್ಬೆಟ್ಟು ಒತ್ತಿದ ದಿನ ಜೋರು ಮಳೆಯಿತ್ತು, ಒಬ್ಬರು ಬೀಗ ಹಿಡಿದು ಲೈನ್ ಮನೆಯ ಬಾಗಿಲಲ್ಲಿ ನಿಂತಿದ್ದರು.