ಕಾರ್ಖಾನೆಯ ಕೊಳವೆ ನೀರಿಗೆ ಇನ್ನೂ ಬಿಗಿಯಾದ ಮಿತಿ ಬೇಕೇ? ಪರ – ವಿರೋಧ

ಅಮೆರಿಕದಲ್ಲಿ ರಾಸಾಯನಿಕ, ಪ್ಲಾಸ್ಟಿಕ್ ಮತ್ತು ಕೃತಕ ನೂಲು ತಯಾರಿಸುವ ಕಾರ್ಖಾನೆಗಳು ನದಿಗೆ ಬಿಡುವ ನೀರಿಗೆ ಒಂದು ರಾಷ್ಟ್ರೀಯ ನಿಯಮ ಇದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಅದನ್ನು ಹೊರಡಿಸಿದ್ದು 1987ರ ನವೆಂಬರ್‌ನಲ್ಲಿ. 1993ರಲ್ಲಿ ಒಂದಿಷ್ಟು ತಿದ್ದುಪಡಿ ಆಯಿತು. ಅದರ ಬೆನ್ನೆಲುಬು ಮಾತ್ರ ಹಳೆಯದೇ. ಈ ಮಿತಿಗಳನ್ನು ಈಗ ಬಿಗಿ ಮಾಡಬೇಕೇ? ಹೊಸ ರಾಸಾಯನಿಕಗಳನ್ನು ಪಟ್ಟಿಗೆ ಸೇರಿಸಬೇಕೇ?

ಪರ: ಪಟ್ಟಿ ಹಳೆಯದು, ನದಿಗೆ ಬರುವ ವಿಷ ಹೊಸದು

ಮೊದಲು ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಅದರ ಹೆಸರು 1,4-ಡಯಾಕ್ಸೇನ್. ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್, ಬಟ್ಟೆಗೆ ಬಳಸುವ ಪಾಲಿಯೆಸ್ಟರ್ ತಯಾರಿಸುವಾಗ ಇದು ತಾನಾಗಿಯೇ ಹುಟ್ಟುತ್ತದೆ. ನೀರಿನಲ್ಲಿ ಪೂರ್ತಿ ಕರಗಿಬಿಡುತ್ತದೆ. ಗಾಳಿ ಊದಿದರೆ ಸುಲಭಕ್ಕೆ ಹಾರಿಹೋಗುವುದಿಲ್ಲ. ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ. ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳು ಹೆಚ್ಚೂಕಡಿಮೆ ಇದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಕಾರ್ಖಾನೆಯ ಘಟಕವನ್ನು ದಾಟುತ್ತದೆ, ಊರಿನ ಕೊಳಚೆ ನೀರಿನ ಘಟಕವನ್ನೂ ದಾಟುತ್ತದೆ, ಕೊನೆಗೆ ನದಿಯ ಕೆಳಗಿನ ಊರಿನ ನಲ್ಲಿಗೆ ಬರುತ್ತದೆ. ಇದರಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ ಇಪಿಎಯೇ ಹೇಳಿದೆ. ಆದರೂ ಇಪಿಎಯ 1987ರ ನಿಯಮದಲ್ಲಿ ಇದಕ್ಕೆ ಮಿತಿಯೇ ಇಲ್ಲ.

ಯಾಕೆ ಇಲ್ಲ ಅನ್ನುವುದಕ್ಕೆ ಹಿಂದಿನ ಕಥೆ ಗೊತ್ತಿರಬೇಕು. ಅಮೆರಿಕದ ಶುದ್ಧ ನೀರಿನ ಕಾನೂನು ಬಂದದ್ದು 1972ರಲ್ಲಿ. ಅಧ್ಯಕ್ಷ ನಿಕ್ಸನ್ ಸಹಿ ಹಾಕಲು ಒಪ್ಪಲಿಲ್ಲ, ಸಂಸತ್ತು ಅವರ ಮಾತನ್ನು ಮೀರಿ ಪಾಸು ಮಾಡಿತು. ಆದರೆ ವಿಷಗಳ ವಿಚಾರದಲ್ಲಿ ಕೆಲಸ ಮುಂದೆ ಸಾಗಲಿಲ್ಲ. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 1976ರಲ್ಲಿ ರಾಜಿಯಾಗಿ 65 ಬಗೆಯ ವಿಷಗಳ ಪಟ್ಟಿ ಬಂತು. ಅದನ್ನು ಬಿಡಿಸಿ ಬರೆದಾಗ 129 ರಾಸಾಯನಿಕಗಳಾದವು, ಮುಂದೆ ಮೂರನ್ನು ಕೈಬಿಟ್ಟು 126 ಉಳಿದವು. 1987ರ ನಿಯಮ ಬೆಂಜೀನ್, ಟಾಲ್ಯೂಯೀನ್, ವಿನೈಲ್ ಕ್ಲೋರೈಡ್ ಅಂತ ಒಂದೊಂದಕ್ಕೂ ಮಿತಿ ಹಾಕಿದ್ದು ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ. ಅಂದರೆ ಇವತ್ತು ನದಿಯನ್ನು ಕಾಯುತ್ತಿರುವುದು 1970ರ ದಶಕದ ತಿಳಿವಳಿಕೆ.

1972ರ ಕಾನೂನು ಹೀಗೆ ನಿಂತ ನೀರಾಗಲಿ ಅಂತ ಮಾಡಿದ್ದಲ್ಲ. ಲಭ್ಯವಿರುವ ಅತ್ಯುತ್ತಮ ತಂತ್ರಜ್ಞಾನ, ಉದ್ಯಮಕ್ಕೆ ಹೊರಲು ಆಗುವ ಖರ್ಚು: ಈ ಎರಡನ್ನು ನೋಡಿ ಮಿತಿ ಹಾಕಬೇಕು, ಕಾಲಕಾಲಕ್ಕೆ ಪರಿಶೀಲಿಸಬೇಕು ಅನ್ನುತ್ತದೆ ಅದು. 1985ರ ಹೊತ್ತಿಗೆ ನದಿಗೆ ಮಾಲಿನ್ಯ ಬಿಡುವುದೇ ನಿಲ್ಲಬೇಕು ಅನ್ನುವ ಗುರಿಯೂ ಅದರಲ್ಲೇ ಇತ್ತು. ಈಗ ಡಯಾಕ್ಸೇನ್ ಒಡೆಯಲು ಅತಿನೇರಳೆ ಬೆಳಕು ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ವಿಧಾನ ಇದೆ. ತಂತ್ರಜ್ಞಾನ ಬಂದಾಯಿತು, ನಿಯಮ ಬರಲಿಲ್ಲ.

ಇದರ ಬೆಲೆ ಯಾರು ತೆರುತ್ತಿದ್ದಾರೆ? ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಊರಿನವರನ್ನು ಕೇಳಿ. ಅವರು ಕುಡಿಯುವುದು ಕೇಪ್ ಫಿಯರ್ ನದಿಯ ನೀರು. ನದಿಯ ಮೇಲ್ಭಾಗದಲ್ಲಿ ಫಯೆಟ್‌ವಿಲ್ ಹತ್ತಿರ ಕೆಮೋರ್ಸ್ ಕಂಪನಿಯ ಕಾರ್ಖಾನೆ ಇದೆ. ಅಲ್ಲಿಂದ ಜೆನ್‌ಎಕ್ಸ್ ಅನ್ನುವ, ಸುಲಭಕ್ಕೆ ನಶಿಸದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕ ತಮ್ಮ ನಲ್ಲಿಗೆ ಬರುತ್ತಿದೆ ಅಂತ ಜನರಿಗೆ ತಿಳಿದದ್ದು 2017ರ ಜೂನ್‌ನಲ್ಲಿ, ಪತ್ರಿಕೆ ಓದಿ. ಆ ನೀರಿನಿಂದ ಅದನ್ನು ತೆಗೆಯಲು ಅಲ್ಲಿನ ಜಲಮಂಡಳಿ ಸುಮಾರು 4.3 ಕೋಟಿ ಡಾಲರ್ ಖರ್ಚು ಮಾಡಿ ಇದ್ದಿಲಿನ ಫಿಲ್ಟರ್ ಘಟಕ ಕಟ್ಟಿತು, 2022ರಲ್ಲಿ ಶುರು ಮಾಡಿತು. ಇದ್ದಿಲು ತುಂಬಿದಾಗಲೆಲ್ಲ ಬದಲಿಸಬೇಕು, ಆ ಖರ್ಚು ಬೇರೆ. ಕೊಳವೆಯ ಬಾಯಲ್ಲೇ ತಡೆದಿದ್ದರೆ ಈ ಭಾರ ನೀರಿನ ಬಿಲ್ ಕಟ್ಟುವವರ ತಲೆಗೆ ಬರುತ್ತಿರಲಿಲ್ಲ. ನ್ಯಾಯದ ಪ್ರಶ್ನೆ ಇರುವುದು ಇಲ್ಲೇ, ಅಲ್ವಾ?

‘ಪೂರ್ತಿ ಪುರಾವೆ ಸಿಗಲಿ, ಆಮೇಲೆ ನೋಡೋಣ’ ಅನ್ನುವವರಿಗೆ ಜಪಾನಿನ ಮಿನಮಾತಾ ನೆನಪಿಸಬೇಕು. ಪ್ಲಾಸ್ಟಿಕ್ ಉದ್ಯಮಕ್ಕೂ ಬೇಕಾಗಿದ್ದ ಅಸಿಟಾಲ್ಡಿಹೈಡ್ ಅನ್ನು ಚಿಸ್ಸೋ ಕಂಪನಿ ಅಲ್ಲಿ ತಯಾರಿಸುತ್ತಿತ್ತು. ಅದರ ನೀರಿನ ಜೊತೆ ಪಾದರಸ ಕೊಲ್ಲಿಗೆ ಹೋಯಿತು, ಮೀನಿಗೆ ಹೋಯಿತು, ಮೀನು ತಿಂದವರ ನರಗಳಿಗೆ ಹೋಯಿತು. ಕಾಯಿಲೆ ಅಧಿಕೃತವಾಗಿ ವರದಿಯಾದದ್ದು 1956ರ ಮೇ 1ರಂದು. 1959ರ ಡಿಸೆಂಬರ್‌ನಲ್ಲಿ ಕಂಪನಿ ಒಂದು ಶುದ್ಧೀಕರಣ ಯಂತ್ರವನ್ನು ದೊಡ್ಡ ಸಮಾರಂಭ ಮಾಡಿ ತೋರಿಸಿತು. ಕರಗಿದ ಪಾದರಸ ತೆಗೆಯಲು ಅದನ್ನು ಮಾಡಿರಲೇ ಇಲ್ಲ. ಅಸಿಟಾಲ್ಡಿಹೈಡ್ ತಯಾರಿಕೆ ನಿಂತದ್ದು 1968ರಲ್ಲಿ. ಕೈಯಲ್ಲಿ 1958ರ ಜಲ ಕಾನೂನು ಇದ್ದೂ ಸರ್ಕಾರ ಅದನ್ನು ಬಳಸದೆ ಸುಮ್ಮನಿದ್ದದ್ದು ತಪ್ಪು ಅಂತ ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2004ರಲ್ಲಿ. ಅಷ್ಟರಲ್ಲಿ ಎಷ್ಟೋ ರೋಗಿಗಳು ತೀರಿಕೊಂಡಿದ್ದರು.

ಸ್ಪಷ್ಟವಾದ ಮಿತಿ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಟೆಕ್ಸಸ್‌ನ ಪಾಯಿಂಟ್ ಕಂಫರ್ಟ್‌ನಲ್ಲಿ ಫಾರ್ಮೋಸಾ ಪ್ಲಾಸ್ಟಿಕ್ಸ್ ಕಾರ್ಖಾನೆ ಇದೆ. ತೇಲುವ ವಸ್ತುಗಳನ್ನು ‘ಅತ್ಯಲ್ಪ’ಕ್ಕಿಂತ ಜಾಸ್ತಿ ಬಿಡಬಾರದು ಅಂತ ಅದರ ಪರವಾನಗಿ ಹೇಳುತ್ತಿತ್ತು. ಅತ್ಯಲ್ಪ ಅಂದರೆ ಎಷ್ಟು? ಬೇಳೆ ಕಾಳಿನ ಗಾತ್ರದ ಪ್ಲಾಸ್ಟಿಕ್ ಗುಳಿಗೆಗಳು ಕೊಲ್ಲಿಯ ದಡದಲ್ಲಿ ಸಿಗುತ್ತಲೇ ಇದ್ದವು. ಸಿಗಡಿ ಹಿಡಿಯುವ ಕುಟುಂಬದ ಡಯೇನ್ ವಿಲ್ಸನ್ ಮತ್ತು ಜೊತೆಗಾರರು ಅವನ್ನು ಆಯ್ದು, ಚೀಲಕ್ಕೆ ತುಂಬಿ ಕೋರ್ಟಿಗೆ ಒಯ್ದರು. 2019ರಲ್ಲಿ ಕಂಪನಿ 5 ಕೋಟಿ ಡಾಲರ್ ಕೊಡಲು ಒಪ್ಪಿತು, ಜೊತೆಗೆ ಪ್ಲಾಸ್ಟಿಕ್ ವಿಸರ್ಜನೆ ಸೊನ್ನೆಗೆ ಇಳಿಸಬೇಕು ಅನ್ನುವುದಕ್ಕೂ ಒಪ್ಪಿತು. ಸೊನ್ನೆ ಅಂದಮೇಲೆ ವಾದಕ್ಕೆ ಜಾಗ ಇಲ್ಲ. ಒಂದು ಗುಳಿಗೆ ಕಂಡರೂ ದಂಡ. ಅಂಥ ಖಚಿತ ಮಾತು ಪ್ರತಿ ಪ್ಲಾಸ್ಟಿಕ್ ಕಾರ್ಖಾನೆಯ ಪರವಾನಗಿಯಲ್ಲೂ ಇರಬೇಕು. ಅದಕ್ಕಾಗಿ ಪ್ರತಿ ಕೊಲ್ಲಿಯಲ್ಲೂ ಯಾರೋ ಒಬ್ಬರು ವರ್ಷಗಟ್ಟಲೆ ಗುಳಿಗೆ ಆಯುತ್ತಾ ಕೂರಬೇಕಾ?

ವಿರೋಧ: ಅಂಕಿ ಬಿಗಿ ಮಾಡಿದರೆ ನದಿ ಉಳಿಯುವುದಿಲ್ಲ

ನದಿ ಹಾಳಾದರೆ ಹಾಳಾಗಲಿ ಅಂತ ನಾನು ಹೇಳುತ್ತಿಲ್ಲ. ನದಿ ಉಳಿಯಬೇಕು ಅಂತಲೇ ಹೇಳುತ್ತಿದ್ದೇನೆ: ಒಂದೊಂದೇ ರಾಸಾಯನಿಕಕ್ಕೆ ರಾಷ್ಟ್ರೀಯ ಮಿತಿ ಹಾಕುತ್ತಾ ಹೋಗುವುದು ನಮ್ಮ ಶಕ್ತಿಯನ್ನು ತಪ್ಪು ಕಡೆ ಸುರಿದ ಹಾಗೆ.

ಸಮಯವನ್ನೇ ನೋಡಿ. 1976ರ ರಾಜಿಯಿಂದ 1987ರ ನಿಯಮಕ್ಕೆ 11 ವರ್ಷ. ಆಮೇಲೂ ಕೋರ್ಟು, ತಿದ್ದುಪಡಿ ಅಂತ 1993. ಪಿಎಫ್‌ಎಎಸ್ ತಯಾರಕರಿಗೆ ಮಿತಿ ಹಾಕುವ ಯೋಚನೆ ಇದೆ ಅಂತ ಇಪಿಎ 2021ರ ಮಾರ್ಚ್‌ನಲ್ಲಿ ಪ್ರಕಟಿಸಿತು. ವರ್ಷಗಳು ಕಳೆದರೂ ಅದು ಕಡತ ಬಿಟ್ಟು ಹೊರಬಂದಿಲ್ಲ. ಈ ವೇಗದಲ್ಲಿ ಕಾಯುತ್ತಾ ಕೂತರೆ ನಷ್ಟ ನದಿಗೇ.

ಅಷ್ಟು ಹೊತ್ತಿಗೆ ಹಳೆಯ ರಾಸಾಯನಿಕ ಹೋಗಿ ಅದರ ತಮ್ಮ ಬಂದಿರುತ್ತಾನೆ. ಪಿಎಫ್‌ಒಎ ಅನ್ನುವ ಪಿಎಫ್‌ಎಎಸ್ ಅನ್ನು 2015ರೊಳಗೆ ನಿಲ್ಲಿಸುತ್ತೇವೆ ಅಂತ ಎಂಟು ಕಂಪನಿಗಳು 2006ರಲ್ಲಿ ಒಪ್ಪಿಕೊಂಡವು. ಅದರ ಬದಲಿಗೆ ಬಂದದ್ದು ಯಾವುದು? ಜೆನ್‌ಎಕ್ಸ್. ಪಟ್ಟಿಗೆ ಹೆಸರು ಸೇರಿಸುವ ಓಟದಲ್ಲಿ ಪಟ್ಟಿ ಯಾವತ್ತೂ ಹಿಂದೆಯೇ ಇರುತ್ತದೆ.

ಕೇಪ್ ಫಿಯರ್ ನದಿಯ ಕಥೆಯನ್ನು ನಾನು ಬೇರೆ ರೀತಿ ಓದುತ್ತೇನೆ. ಸುದ್ದಿ ಬಂದ 2017ರಲ್ಲೇ ರಾಜ್ಯ ಸರ್ಕಾರ ಒತ್ತಡ ಹಾಕಿ, ಕೆಮೋರ್ಸ್ ತನ್ನ ಜೆನ್‌ಎಕ್ಸ್ ನೀರನ್ನು ನದಿಗೆ ಬಿಡದಂತೆ ಮಾಡಿತು. ಆಗ ಜೆನ್‌ಎಕ್ಸ್‌ಗೆ ಯಾವ ರಾಷ್ಟ್ರೀಯ ಮಿತಿಯೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ವಿಷಕ್ಕೂ ಪರವಾನಗಿ ಕೊಡುವ ಅಧಿಕಾರಿ ತನ್ನ ತಾಂತ್ರಿಕ ತೀರ್ಮಾನದ ಮೇಲೆ ಮಿತಿ ಹಾಕಬಹುದು. 1972ರ ಕಾನೂನೇ ಆ ಅಧಿಕಾರ ಕೊಟ್ಟಿದೆ. ಅದನ್ನು ಬಳಸಲು ಜನ ಬೇಕು, ಪ್ರಯೋಗಾಲಯ ಬೇಕು, ಧೈರ್ಯ ಬೇಕು. ಅವಧಿ ಮುಗಿದ ಪರವಾನಗಿಗಳು ವರ್ಷಗಟ್ಟಲೆ ಹಾಗೇ ಮುಂದುವರಿಯುತ್ತಿರುವಾಗ ಹೊಸ ಅಂಕಿ ಬರೆದು ಏನು ಪ್ರಯೋಜನ?

ಮಿತಿ ಲೆಕ್ಕ ಹಾಕುವ ರೀತಿಯಲ್ಲೇ ಇನ್ನೊಂದು ತೊಡಕಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಖಾನೆಗೆ ಸಿಗುವ ಮಿತಿ ತೂಕದ ಲೆಕ್ಕದ್ದು. ನಿಯಮದಲ್ಲಿರುವ ಸಾಂದ್ರತೆಯನ್ನು ಕಾರ್ಖಾನೆ ದಿನಕ್ಕೆ ಬಿಡುವ ನೀರಿನಿಂದ ಗುಣಿಸುತ್ತಾರೆ. ಬ್ಯಾಕ್ಟೀರಿಯಾ ಘಟಕ ಇರುವ ಕಾರ್ಖಾನೆಗೆ ಬೆಂಜೀನ್‌ನ ಮಾಸಿಕ ಸರಾಸರಿ ಮಿತಿ ಲೀಟರಿಗೆ 37 ಮೈಕ್ರೋಗ್ರಾಂ (ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ). ದಿನಕ್ಕೆ 10 ಲಕ್ಷ ಲೀಟರ್ ಬಿಡುವ ಕಾರ್ಖಾನೆಗೆ 37 ಗ್ರಾಂ ಆಯಿತು. ಆ ಕಾರ್ಖಾನೆ ಕಷ್ಟಪಟ್ಟು ನೀರಿನ ಬಳಕೆಯನ್ನು ಅರ್ಧಕ್ಕೆ ಇಳಿಸಿತು ಅನ್ನಿ. ಮುಂದಿನ ಪರವಾನಗಿಯಲ್ಲಿ ಅದರ ಪಾಲು 18.5 ಗ್ರಾಂ. ಬೆಂಜೀನ್ ಅಷ್ಟೇ ಇದೆ, ನೀರು ಮಾತ್ರ ಕಡಿಮೆ. ಸಾಂದ್ರತೆ ಹೆಚ್ಚಾಗಿದೆ, ಶುದ್ಧೀಕರಣ ಕಷ್ಟವಾಗಿದೆ. ನೀರು ಉಳಿಸಿದವನಿಗೇ ಪೆಟ್ಟು! ಈ ಅಂಕಿಯನ್ನು ಇನ್ನೂ ಬಿಗಿ ಮಾಡಿದರೆ ಪೆಟ್ಟು ಇನ್ನೂ ಜೋರಾಗುತ್ತದೆ.

ಆಮೇಲೆ, ನೀರಿನಿಂದ ತೆಗೆದದ್ದು ಎಲ್ಲಿಗೆ ಹೋಗುತ್ತದೆ? ಇದ್ದಿಲು ಪಿಎಫ್‌ಎಎಸ್ ಹೀರಿಕೊಳ್ಳುತ್ತದೆ, ನಾಶ ಮಾಡುವುದಿಲ್ಲ. ಆ ಇದ್ದಿಲನ್ನು ಮತ್ತೆ ಸುಡಬೇಕು ಅಥವಾ ಹೂಳಬೇಕು. ಬೇಗ ಆವಿಯಾಗುವ ಬೆಂಜೀನ್‌ನಂಥದ್ದು ತೆರೆದ ತೊಟ್ಟಿಯಿಂದ ಗಾಳಿಗೆ ಹೋಗುತ್ತದೆ. ನೀರನ್ನು ಹೊರಗೇ ಬಿಡದೆ ಪೂರ್ತಿ ಬತ್ತಿಸಿದರೆ ಉಪ್ಪಿನ ರಾಶಿ ಉಳಿಯುತ್ತದೆ, ಬತ್ತಿಸಲು ಇಂಧನ ಉರಿಯುತ್ತದೆ. ಕೊಳವೆಯ ತುದಿಯ ನೀರನ್ನಷ್ಟೇ ಅಳೆಯುವವನಿಗೆ ಇದ್ಯಾವುದೂ ಕಾಣಿಸುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಹೆಸರು ಹಿಡಿದು ಹುಡುಕುವ ಬದಲು ನೀರನ್ನೇ ಪರೀಕ್ಷಿಸುವುದು. ಈ ಪರೀಕ್ಷೆ ಈಗಾಗಲೇ ಇದೆ. ಬೀಕರ್‌ಗಳಲ್ಲಿ ಕೊಳವೆಯ ನೀರನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ಸಣ್ಣ ಮೀನಿನ ಮರಿಗಳನ್ನೂ ನೀರುಚಿಗಟ ಅನ್ನುವ ಪುಟ್ಟ ಜಲಜೀವಿಗಳನ್ನೂ ಸುಮಾರು ಏಳು ದಿನ ಬಿಡುತ್ತಾರೆ. ಮೀನಿನ ಮರಿ ಎಷ್ಟು ಬೆಳೆಯಿತು, ಚಿಗಟ ಎಷ್ಟು ಮರಿ ಹಾಕಿತು ಅಂತ ಎಣಿಸುತ್ತಾರೆ. ನಾಲ್ಕು ವಿಷ ಸೇರಿ ಮಾಡುವ ಹಾನಿಯೂ ಅದರಲ್ಲಿ ಕಾಣುತ್ತದೆ. ಮನುಷ್ಯರಿಗೆ ನಿಧಾನವಾಗಿ ಕ್ಯಾನ್ಸರ್ ತರುವಂಥದ್ದು ಅದರಲ್ಲಿ ಸಿಗುವುದಿಲ್ಲ, ನಿಜ. ಅಂಥದ್ದನ್ನು ತಯಾರಿಕೆಯ ಹಂತದಲ್ಲೇ, ಮಾರುಕಟ್ಟೆಗೆ ಬರುವ ಮೊದಲೇ ತಡೆಯಬೇಕು.

ಎರಡನೆಯದು, ಬಿಡುವ ಪ್ರತಿ ಕಿಲೋ ಮಾಲಿನ್ಯಕ್ಕೆ ಶುಲ್ಕ. ನೆದರ್ಲೆಂಡ್ಸ್ 1970ರಲ್ಲಿ ಜಾರಿಗೆ ಬಂದ ಕಾನೂನಿನಲ್ಲೇ ಇದನ್ನು ತಂದಿತು. ಜರ್ಮನಿ 1976ರಲ್ಲಿ ಕಾನೂನು ಮಾಡಿ 1981ರಿಂದ ವಸೂಲು ಶುರು ಮಾಡಿತು. ಮಿತಿ ಇದ್ದರೆ ಕಾರ್ಖಾನೆ ಮಿತಿ ಮುಟ್ಟಿದ ದಿನ ನಿಲ್ಲುತ್ತದೆ. ಶುಲ್ಕ ಇದ್ದರೆ ಮಿತಿಯ ಕೆಳಗೂ ಇನ್ನೊಂದು ಕಿಲೋ ಇಳಿಸಲು ಕಾರಣ ಇರುತ್ತದೆ. ಆ ಹಣದಿಂದಲೇ ಕೆಳಗಿನ ಊರುಗಳ ಫಿಲ್ಟರ್ ಖರ್ಚು ತುಂಬಬಹುದು, ಸ್ಯಾಂಪಲ್ ತೆಗೆಯುವ ಸಿಬ್ಬಂದಿಯನ್ನು ನೇಮಿಸಬಹುದು. ವಿಲ್ಮಿಂಗ್ಟನ್‌ನ ಬಿಲ್ ಮೊದಲು ಆ ನಿಧಿಗೆ ಹೋಗಲಿ.