ಬೈಕ್ ಕ್ಲಬ್ ಪ್ರೆಸಿಡೆಂಟನ ಮಗಳಿಗೆ ಯಾಕೆ ಯಾವಾಗಲೂ ಹಿಂದಿನ ಸೀಟು?

ಮತ್ತೊಂದು ಪುಸ್ತಕ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಉದ್ದದ ಪೋಸ್ಟ್.

ನಾನು ಎಂ.ಸಿ. ರೊಮಾನ್ಸ್ ಎಷ್ಟು ಓದುತ್ತೇನೆ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಹೊಸಬರಿಗೆ ಹೇಳಬೇಕೆಂದರೆ, ಇವು ಅಮೆರಿಕದ ಮೋಟಾರ್‌ಸೈಕಲ್ ಕ್ಲಬ್‌ಗಳ (ಅದೇ ಎಂ.ಸಿ.) ಸುತ್ತ ನಡೆಯುವ ಪ್ರೇಮಕಥೆಗಳು. ಹದಿಹರೆಯದವರಿಗೆ ಅಂತ ಬರೆದವುಗಳಲ್ಲಿ ಹುಡುಗಿಗೆ 17 ಅಥವಾ 18. ಅಪ್ಪ ಕ್ಲಬ್ಬಿನ ಪ್ರೆಸಿಡೆಂಟ್. ಅಣ್ಣ ಈಗಷ್ಟೇ ಪ್ಯಾಚ್, ಅಂದರೆ ಸದಸ್ಯರು ಜಾಕೆಟ್ ಮೇಲೆ ಹಾಕುವ ಕ್ಲಬ್ಬಿನ ಗುರುತು, ಹಾಕಿಸಿಕೊಂಡವನು. ಹುಡುಗ ಅಣ್ಣನ ಜೀವದ ಗೆಳೆಯ, ಇಲ್ಲಾಂದ್ರೆ ಎದುರಾಳಿ ಕ್ಲಬ್ಬಿನವನ ಮಗ. ಮನೆಯವರು ಬೇಡ ಅಂತಾರೆ, ಮನಸ್ಸು ಬೇಕು ಅನ್ನುತ್ತೆ. ಈ ಕಥೆ ನೂರು ಸಲ ಬಂದರೂ ಓದುತ್ತೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಬೇರೆ. ಈ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹುಡುಗಿ ಗ್ಯಾರೇಜಿನ ನೆಲದ ಮೇಲೆ ಕೂತು ಕಾರ್ಬುರೇಟರ್ ಬಿಚ್ಚುತ್ತಾಳೆ. ಜೆಟ್‌ಗಳನ್ನು ಒಂದೊಂದಾಗಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಊದಿ, ಮತ್ತೆ ಕೂರಿಸುತ್ತಾಳೆ. ಎಂಜಿನ್ ಸದ್ದು ಕೇಳಿಯೇ ಐಡಲ್ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಹೇಳುತ್ತಾಳೆ. ಕ್ಲಚ್ ಕೇಬಲ್ ಸಡಿಲ ಆಗಿದೆ ಅಂತ ಅಪ್ಪನಿಗೇ ಬೈಯುತ್ತಾಳೆ. ಓದುತ್ತಾ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಆಮೇಲೆ ಮುನ್ನೂರು ಚಿಲ್ಲರೆ ಪುಟ. ಅಷ್ಟರಲ್ಲಿ ಅವಳು ಒಂದೇ ಒಂದು ಸಲವೂ ಹ್ಯಾಂಡಲ್ ಹಿಡಿಯುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಹುಡುಗನ ಸೊಂಟ ಹಿಡಿದು ಹಿಂದೆ ಕೂತಿರುತ್ತಾಳೆ. ಅಪ್ಪ ತಲೆಯಾಡಿಸಿ ಒಪ್ಪಿಗೆ ಕೊಡುತ್ತಾನೆ. ಶುಭಂ.

ಹಾಗಾದರೆ ಅವಳು ಆ ಗಾಡಿಗಳನ್ನೆಲ್ಲ ಯಾರಿಗೋಸ್ಕರ ರಿಪೇರಿ ಮಾಡುತ್ತಿದ್ದಳು?

ಇದು ಈ ಒಂದು ಪುಸ್ತಕದ ಕಥೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಓದಿದ್ದರಲ್ಲಿ ಮುಕ್ಕಾಲು ಪಾಲು ಹೀಗೇ. ಬೈಕ್‌ಗಳ ನಡುವೆ ಹುಟ್ಟಿ, ಬೈಕ್‌ಗಳ ನಡುವೆ ಬೆಳೆದ ಹುಡುಗಿಗೆ ಸ್ವಂತದ ಒಂದು ಬೈಕ್ ಇರುವುದಿಲ್ಲ. ಯಾರೂ ಬೇಡ ಅಂದಿರುವುದೂ ಇಲ್ಲ. ಬರೆಯುವವರಿಗೆ ಅದು ಹೊಳೆದೇ ಇರುವುದಿಲ್ಲ, ಅಷ್ಟೇ. ಅದೇ ನನಗೆ ಜಾಸ್ತಿ ನೋವು ಕೊಡುವುದು.

ಈ ಕಥೆಗಳ ಉಸಿರೇ ಕುಟುಂಬ. ಕ್ಲಬ್ ಅಂದರೆ ಕುಟುಂಬ, ಎಲ್ಲರೂ ಅಣ್ಣತಮ್ಮಂದಿರು, ಒಬ್ಬರಿಗಾಗಿ ಇನ್ನೊಬ್ಬರು ಪ್ರಾಣ ಕೊಡುತ್ತಾರೆ. ಆ ಭಾಗ ನನಗೆ ನಿಜಕ್ಕೂ ಇಷ್ಟ. ಮೈತುಂಬ ಹಚ್ಚೆ ಹಾಕಿಸಿಕೊಂಡ ಆರಡಿಯ ಗಂಡಸರು ಪುಟ್ಟ ಹುಡುಗಿಯ ಶಾಲೆಯ ನಾಟಕಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರುವ ದೃಶ್ಯ ಬಂದರೆ ಇವತ್ತಿಗೂ ಕಣ್ಣು ಒದ್ದೆಯಾಗುತ್ತೆ. ಆದರೆ ಆ ಕುಟುಂಬದಲ್ಲಿ ಮಾತು ಯಾರದು ಅಂತ ನೋಡಿ. ಕ್ಲಬ್ಬಿನ ಮೀಟಿಂಗಿಗೆ ಅವರು ‘ಚರ್ಚ್’ ಅನ್ನುತ್ತಾರೆ. ಬಾಗಿಲು ಮುಚ್ಚುತ್ತೆ. ಪ್ಯಾಚ್ ಇದ್ದವರಿಗೆ ಮಾತ್ರ ವೋಟು. ಎಷ್ಟೋ ಪುಸ್ತಕಗಳಲ್ಲಿ ಆ ಟೇಬಲ್ ಮೇಲೆ ಚರ್ಚೆಗೆ ಬರುವ ವಿಷಯವೇ ಇವಳು. ಆ ಹುಡುಗನ ಜೊತೆ ಓಡಾಡಬಹುದಾ, ಕಾಲೇಜಿಗೆ ದೂರದ ಊರಿಗೆ ಹೋಗಬಹುದಾ, ಕಾವಲಿಗೆ ಯಾರನ್ನು ಬಿಡಬೇಕು. ಎಲ್ಲರೂ ಕೈ ಎತ್ತುತ್ತಾರೆ. ಅವಳು ಬಾಗಿಲ ಹೊರಗೆ ಕಾಯುತ್ತಿರುತ್ತಾಳೆ. ಅದನ್ನು ಪ್ರೀತಿ ಅಂತ ಬರೆಯುತ್ತಾರೆ.

ಆಮೇಲೆ ಆ ಪ್ಯಾಚ್. ಕ್ಲಬ್ಬಿನ ಗಂಡಸರ ಜಾಕೆಟ್ ಬೆನ್ನ ಮೇಲೆ ಮೂರು ತುಂಡು ಇರುತ್ತೆ. ಮೇಲೆ ಕ್ಲಬ್ಬಿನ ಹೆಸರು, ನಡುವೆ ಗುರುತು, ಕೆಳಗೆ ಪ್ರದೇಶದ ಹೆಸರು. ಅದಕ್ಕಾಗಿ ಹುಡುಗರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ‘ಪ್ರಾಸ್ಪೆಕ್ಟ್’ (ಸದಸ್ಯನಾಗಲು ಕಾಯುವವ) ಆಗಿ ಹೇಳಿದ ಕೆಲಸವೆಲ್ಲ ಮಾಡುತ್ತಾರೆ. ಹುಡುಗಿಗೆ ಸಿಗುವ ಜಾಕೆಟ್ ಮೇಲೆ ‘ಪ್ರಾಪರ್ಟಿ ಆಫ್’ ಅಂತ ಬರೆದು ಕೆಳಗೆ ಅವನ ಹೆಸರು. ಇಂಥವನ ಸೊತ್ತು. ಅದನ್ನು ಕೈಗೆತ್ತಿಕೊಂಡು ಅವಳು ಆನಂದದಿಂದ ಅಳುತ್ತಾಳೆ. ಹದಿನೇಳರ ಹುಡುಗಿ ಓದುವ ಪುಸ್ತಕದಲ್ಲಿ ಇದನ್ನು ಉಂಗುರ ತೊಡಿಸಿದ ಹಾಗೆ ಬರೆಯುವುದು ನನಗೆ ಸಹಿಸಲು ಆಗುವುದಿಲ್ಲ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ. ‘ಅಲ್ಲಿ ಇರೋದೇ ಹಾಗಲ್ವಾ, ಅಂಥ ಕ್ಲಬ್‌ಗಳು ಹೆಂಗಸರನ್ನು ಸೇರಿಸಿಕೊಳ್ಳಲ್ಲ, ಆ ಜಾಕೆಟ್ಟೂ ನಿಜ, ಲೇಖಕಿ ಇದ್ದದ್ದನ್ನು ಬರೆದಿದ್ದಾಳೆ.’

ಒಪ್ಪಿದೆ, ಅದು ನಿಜ. ಆದರೆ ನಿಜವನ್ನೇ ಬರೆಯುವುದಾದರೆ ಪೂರ್ತಿ ಬರೆಯಲಿ. ಕೆನಡಾದ ಕ್ವಿಬೆಕ್‌ನಲ್ಲಿ 1994ರಿಂದ 2002ರವರೆಗೆ ಹೆಲ್ಸ್ ಏಂಜಲ್ಸ್ ಮತ್ತು ರಾಕ್ ಮಷೀನ್ ಅನ್ನುವ ಬೈಕ್ ಕ್ಲಬ್‌ಗಳ ನಡುವೆ ನಡೆದ ಕಾದಾಟದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. 1995ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ ಬೀದಿಯಲ್ಲಿ ಜೀಪಿಗೆ ಇಟ್ಟ ಬಾಂಬ್ ಸಿಡಿದು 11 ವರ್ಷದ ಹುಡುಗನೊಬ್ಬ ಸತ್ತ. ಯಾವ ಕ್ಲಬ್ಬಿಗೂ ಸಂಬಂಧವಿಲ್ಲದ ಮಗು. ಟೆಕ್ಸಸ್‌ನ ವೇಕೋದಲ್ಲಿ 2015ರ ಮೇ 17ರಂದು ಒಂದು ರೆಸ್ಟೋರೆಂಟ್ ಮುಂದೆ ಕ್ಲಬ್‌ಗಳ ಜಗಳ ಗುಂಡಿನ ಚಕಮಕಿಯಾಗಿ 9 ಜನ ಸತ್ತರು, 177 ಜನರನ್ನು ಹಿಡಿದು ಒಳಗೆ ಹಾಕಿದರು. ಪ್ರೇಮಕಥೆ ಬರೆಯುವವರು ಇದನ್ನೆಲ್ಲ ಬಿಟ್ಟುಬಿಡುತ್ತಾರೆ. ಮಾದಕದ್ರವ್ಯ ಬಿಡುತ್ತಾರೆ, ಜೈಲು ಬಿಡುತ್ತಾರೆ, ಸತ್ತ ಮಗುವಿನ ತಾಯಿಯನ್ನು ಬಿಡುತ್ತಾರೆ. ಬಿಡಲಿ, ಪ್ರೇಮಕಥೆಗೆ ಆ ಸ್ವಾತಂತ್ರ್ಯ ಬೇಕು. ಆದರೆ ಅಷ್ಟೆಲ್ಲ ಬಿಡಲು ಬಂದವರಿಗೆ ಹುಡುಗಿಯ ಹಿಂದಿನ ಸೀಟನ್ನು ಬಿಡಲು ಮಾತ್ರ ಯಾಕೆ ಬರುವುದಿಲ್ಲ? ಎಲ್ಲ ಬದಲಾಯಿಸಬಹುದು, ಅವಳ ಜಾಗ ಒಂದನ್ನು ಬಿಟ್ಟು. ‘ಇದ್ದದ್ದನ್ನು ಬರೆದಿದ್ದಾಳೆ’ ಅನ್ನುವ ವಾದ ನನಗೆ ಯಾವತ್ತೂ ಹಿಡಿಸಿಲ್ಲ, ಹಿಡಿಸುವುದೂ ಇಲ್ಲ.

ಇನ್ನು ಅಮೆರಿಕದಲ್ಲಿ ಓಡಿಸುವ ಹೆಂಗಸರೇ ಇರಲಿಲ್ಲವಾ? 1916ರಲ್ಲಿ ಅಗಸ್ಟಾ ಮತ್ತು ಅಡೆಲೈನ್ ವ್ಯಾನ್ ಬ್ಯೂರೆನ್ ಅನ್ನುವ ಅಕ್ಕತಂಗಿ ನ್ಯೂಯಾರ್ಕಿನಿಂದ ಹೊರಟು ಇಡೀ ದೇಶ ದಾಟಿ ಕ್ಯಾಲಿಫೋರ್ನಿಯಾ ಮುಟ್ಟಿದರು. ಇಬ್ಬರಿಗೂ ‘ಇಂಡಿಯನ್’ ಅನ್ನುವ ಅಮೆರಿಕದ ಕಂಪನಿಯ ಒಂದೊಂದು ಮೋಟಾರ್‌ಸೈಕಲ್. ಯುದ್ಧ ಬಂದರೆ ಹೆಂಗಸರೂ ಸೈನ್ಯಕ್ಕೆ ಸುದ್ದಿ ಮುಟ್ಟಿಸುವ ಸವಾರರಾಗಬಹುದು ಅಂತ ತೋರಿಸಲು ಹೊರಟಿದ್ದರು. ದಾರಿಯಲ್ಲಿ ಗಂಡಸರ ಬಟ್ಟೆ ಹಾಕಿದ್ದಾರೆ ಅಂತ ಪೊಲೀಸರು ತಡೆದರು. ದೇಶಕ್ಕೆ ದೇಶವನ್ನೇ ದಾಟಿ ಬಂದ ಮೇಲೂ ಸೈನ್ಯ ಅಡೆಲೈನ್‌ಳ ಅರ್ಜಿ ತಿರಸ್ಕರಿಸಿತು. ಹೇಳಿ, ಇದರಲ್ಲಿ ಕಾದಂಬರಿಗೆ ಏನು ಕಡಿಮೆ ಇದೆ?

ಬೈಕ್ ಓಡಿಸುತ್ತಿದ್ದ ಡಾಟ್ ರಾಬಿನ್‌ಸನ್ ಅನ್ನುವವಳ ಕಥೆಯಂತೂ ಈ ಪುಸ್ತಕಗಳಿಗೇ ಹೇಳಿ ಮಾಡಿಸಿದ್ದು. ಅಪ್ಪ ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಜೋಡಿಸುವ ಕೂರುವ ಡಬ್ಬ, ತಯಾರಿಸುತ್ತಿದ್ದವರು. ಹೆರಿಗೆ ನೋವು ಬಂದಾಗ ಅಮ್ಮನನ್ನು ಸೈಡ್‌ಕಾರ್‌ನಲ್ಲೇ ಆಸ್ಪತ್ರೆಗೆ ಕರೆದೊಯ್ದರು ಅಂತ ಹೇಳುತ್ತಾರೆ. ಅಂದರೆ ಅಚ್ಚು ನಮ್ಮ ಕಥಾನಾಯಕಿ, ಮೋಟಾರ್‌ಸೈಕಲ್ ಮನೆತನದ ಮಗಳು. ಅವಳು ಯಾರ ಹಿಂದೆಯೂ ಕೂರಲಿಲ್ಲ. ಗಂಡಸರು ಆಳುತ್ತಿದ್ದ ಜ್ಯಾಕ್ ಪೈನ್ ಎಂಡ್ಯೂರೋ ಅನ್ನುವ ಒರಟು ದಾರಿಯ ದೂರದ ರೇಸಿಗೆ ಇಳಿದು 1940ರಲ್ಲಿ ಸೈಡ್‌ಕಾರ್ ವಿಭಾಗ ಗೆದ್ದಳು. ಅದೇ ವರ್ಷ ಲಿಂಡಾ ಡ್ಯೂಜೋ ಜೊತೆ ಸೇರಿ ಹೆಂಗಸರದ್ದೇ ‘ಮೋಟಾರ್ ಮೇಡ್ಸ್’ ಕ್ಲಬ್ ಕಟ್ಟಿ ಅದರ ಮೊದಲ ಅಧ್ಯಕ್ಷೆಯಾದಳು. ಆ ಕ್ಲಬ್ ಇವತ್ತಿಗೂ ಇದೆ. ಸದಸ್ಯೆಯಾಗಲು ಸ್ವತಃ ಗಾಡಿ ಓಡಿಸಬೇಕು. ಡಾಟ್‌ಳ ಗಂಡನೂ ಬೈಕಿನವರೇ, ಇಬ್ಬರೂ ಸೇರಿ ಹಾರ್ಲಿ ಬೈಕ್‌ಗಳ ಡೀಲರ್‌ಶಿಪ್ ನಡೆಸಿದರು. ಅಪ್ಪ, ಮಗಳು, ಗಂಡ, ಪ್ರೀತಿ, ಕ್ಲಬ್, ಎಲ್ಲ ಇದೆ. ಹ್ಯಾಂಡಲ್ ಅವಳ ಕೈಯಲ್ಲೇ ಇದೆ.

ನನಗೆ ಯಾಕಿಷ್ಟು ಉರಿ ಅಂತ ಕೇಳಬಹುದು. ನಮ್ಮಪ್ಪ ಅಣ್ಣನಿಗೆ ಗಾಡಿ ಕಲಿಸಿದರು. ನಾನು ಕೇಳಿದರೆ ‘ನಿನಗ್ಯಾಕಮ್ಮ, ಅಣ್ಣ ಬಿಟ್ಟು ಬರ್ತಾನಲ್ಲ’ ಅಂದರು. ಅಪ್ಪ ಒಳ್ಳೆಯವರು, ನನ್ನನ್ನು ತುಂಬಾ ಪ್ರೀತಿಸುತ್ತಿದ್ದರು. ಆ ಮಾತೂ ಪ್ರೀತಿಯಿಂದಲೇ ಬಂದಿದ್ದು. ಅಷ್ಟು ಪ್ರೀತಿ ಇರುವ ಕಡೆ ಜಗಳ ಆಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಕಷ್ಟವನ್ನೇ ಈ ಪುಸ್ತಕಗಳು ಬರೆಯಬೇಕಿತ್ತು. ಪ್ರಾಣ ಕೊಡಲು ತಯಾರಿರುವ ಅಪ್ಪನ ಮುಂದೆ ನಿಂತು ‘ಕೀ ಕೊಡಿ’ ಅನ್ನುವುದು ಹೇಗೆ? ‘ನಿನ್ನನ್ನು ಕಾಪಾಡ್ತೀನಿ’ ಅನ್ನುವ ಹುಡುಗನಿಗೆ ‘ಪಕ್ಕದಲ್ಲಿ ಓಡಿಸಿಕೊಂಡು ಬಾ’ ಅನ್ನುವುದು ಹೇಗೆ? ಇದನ್ನು ಓದಬೇಕು ನನಗೆ. ಮುತ್ತು, ಮಳೆ, ಮುನಿಸು ಎಲ್ಲ ಇರಲಿ, ಜೊತೆಗೆ ಇದೂ ಇರಲಿ.

ಹಿಂದೆ ಕೂರುವುದು ಸುಖ ಅನ್ನುವವರಿದ್ದಾರೆ. ಇರಬಹುದು, ದಿನವಿಡೀ ಓಡಿಸಿ ದಣಿದವಳಿಗೆ. ಓಡಿಸಲು ಗೊತ್ತಿದ್ದೂ ಒಮ್ಮೆಯೂ ಅವಕಾಶ ಸಿಗದವಳಿಗೆ ಅಲ್ಲ.

ಹುಡುಗಿಯೇ ಓಡಿಸುವ ಎಂ.ಸಿ. ರೊಮಾನ್ಸ್ ಯಾರಾದರೂ ಓದಿದ್ದರೆ ದಯವಿಟ್ಟು ಹೆಸರು ಹೇಳಿ. ಬೈಕ್ ಅವಳ ಹೆಸರಿನಲ್ಲಿರಬೇಕು. ಒಂದು ಅಧ್ಯಾಯಕ್ಕೆ ಎರವಲು ತಂದದ್ದು, ಹುಡುಗನಿಗೆ ಗುಂಡು ತಗುಲಿದಾಗ ಆಸ್ಪತ್ರೆಗೆ ಓಡಿಸಿದ್ದು ಲೆಕ್ಕಕ್ಕಿಲ್ಲ. ಅಪ್ಪ ಬದುಕಿರಬೇಕು, ಅಣ್ಣನೂ ಇರಬೇಕು, ಅವರ ಜೊತೆ ಜಗಳ ಆಗಲೇಬೇಕು. ಇವತ್ತು ರಾತ್ರಿಯೇ ಶುರು ಮಾಡುತ್ತೇನೆ.